ಮಣ್ಣಿನ ಋಣ ಮರೆಯದಿರೋಣ



ಹೊಲದ ಕೆಲಸ ಮುಗಿಸಿ, ಕೈಕಾಲು ತೊಳೆದು ಊಟಕ್ಕೆ ಕುಳಿತಾಗ ತಟ್ಟೆಗೆ ಬಿಸಿ ರಾಗಿ ಮುದ್ದೆ ಬರುತ್ತದೆ. ಜೊತೆಗೆ ಅವರೆಕಾಳಿನ ಸಾರು, ಕಡಿದುಕೊಳ್ಳಲು ಒಂದು ಈರುಳ್ಳಿ, ಪಕ್ಕದಲ್ಲಿ ಒಂದು ಚೊಂಬು ನೀರು. ಬಯಲುಸೀಮೆಯ ನಮಗೆ ಇದು ದಿನನಿತ್ಯದ ಊಟ. ದಿನನಿತ್ಯದ್ದಾದುದರಿಂದಲೇ ಅದರ ಬಗೆಗೆ ನಾವು ಯೋಚಿಸುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟನೆ ತಿಳಿಯುತ್ತದೆ. ಸರಿಯಾಗಿದ್ದರೆ ಯಾರೂ ಮಾತೆತ್ತುವುದಿಲ್ಲ. ನಮ್ಮ ಕಾಲ ಕೆಳಗಿನ ಮಣ್ಣಿನ ಸಂಗತಿಯೂ ಹೀಗೆಯೇ. ಅದು ಸರಿಯಾಗಿ ಕೆಲಸ ಮಾಡುತ್ತಿರುವಷ್ಟು ದಿನ ನಮ್ಮ ಗಮನಕ್ಕೆ ಬರುವುದಿಲ್ಲ. ಗಮನಕ್ಕೆ ಬರುವ ವೇಳೆಗೆ ಬಹಳ ಮಟ್ಟಿಗೆ ಕೈಮೀರಿರುತ್ತದೆ.

ಈ ಲೇಖನದಲ್ಲಿ ನಾನು ಹೊಸ ತಳಿಯನ್ನಾಗಲಿ, ಹೊಸ ಔಷಧಿಯನ್ನಾಗಲಿ ಪರಿಚಯಿಸುತ್ತಿಲ್ಲ. ನಮಗೆ ಪುಕ್ಕಟೆಯಾಗಿ ದೊರೆಯುತ್ತಿರುವುದಕ್ಕೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಜೊತೆಗೆ, ಆ ಲೆಕ್ಕವನ್ನು ಬಹಳ ತಡವಾಗಿ ಹಾಕಿದ ಒಬ್ಬ ಕೃಷಿ ವಿಜ್ಞಾನಿಯ ತಪ್ಪನ್ನೂ ಹೇಳುತ್ತೇನೆ. ಆ ವಿಜ್ಞಾನಿ ನಾನೇ.

ಒಂದು ಮುದ್ದೆಯ ಲೆಕ್ಕ

ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇರುತ್ತದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಮೂವತ್ತನೆಯ ಒಂದು ಭಾಗವೂ ಇರುವುದಿಲ್ಲ. ರಾಗಿ ತಿಂದ ಮಕ್ಕಳ ಮೂಳೆ ಗಟ್ಟಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರಲ್ಲಿ ಹುರುಳಿದೆ. ಆದರೆ ಈ ಸುಣ್ಣ ರಾಗಿಗೆ ಎಲ್ಲಿಂದ ಬಂತು? ಗಾಳಿಯಿಂದ ಬರಲಿಲ್ಲ, ಬಿಸಿಲಿನಿಂದ ಬರಲಿಲ್ಲ. ಬೇರು ಅದನ್ನು ಮಣ್ಣಿನಿಂದಲೇ ಹೀರಿಕೊಂಡಿತು. ಒಂದು ಎಕರೆಯಲ್ಲಿ ಹತ್ತು ಕ್ವಿಂಟಲ್ ರಾಗಿ ಬೆಳೆದು ಮನೆಗೆ ತಂದರೆ, ಆ ಕಾಳಿನೊಂದಿಗೆ ಸುಮಾರು ಮೂರೂವರೆ ಕಿಲೋ ಸುಣ್ಣ ಮತ್ತು 11ರಿಂದ 12 ಕಿಲೋ ಸಾರಜನಕ ಹೊಲ ಬಿಟ್ಟು ಬಂದಂತಾಯಿತು. ಹುಲ್ಲಿನಲ್ಲಿ ಹೋಗುವುದು ಬೇರೆ. ಅದರಲ್ಲೂ ಪೊಟ್ಯಾಷ್ ಕಾಳಿಗಿಂತ ಹುಲ್ಲಿನಲ್ಲಿಯೇ ಹೆಚ್ಚು.

ರಾಶಿಯ ದಿನ ನಾವು ಕೂಲಿಯವರ ಲೆಕ್ಕ ತೀರಿಸುತ್ತೇವೆ. ಟ್ರಾಕ್ಟರಿನ ಬಾಡಿಗೆ, ಗೊಬ್ಬರದಂಗಡಿಯ ಬಾಕಿ, ಸೊಸೈಟಿಯ ಸಾಲ, ಎಲ್ಲವನ್ನೂ ಕೊಡುತ್ತೇವೆ. ಕೊಡದಿದ್ದರೆ ಮನೆ ಬಾಗಿಲಿಗೆ ಬಂದು ಕೇಳುವವರಿದ್ದಾರೆ. ಮಣ್ಣು ಮಾತ್ರ ಬಾಗಿಲಿಗೆ ಬಂದು ಕೇಳುವುದಿಲ್ಲ. ಹೀಗಾಗಿ ಅದರ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಗುತ್ತದೆ.

ಹಿರಿಯರು ನಡೆದುಕೊಂಡ ರೀತಿ

ನಮ್ಮ ಹಿರಿಯರಿಗೆ ಈ ರಾಸಾಯನಿಕ ಲೆಕ್ಕ ತಿಳಿದಿರಲಿಲ್ಲ. ಆದರೆ ಪಡೆದುದಕ್ಕೆ ಪ್ರತಿಯಾಗಿ ಕೊಡಬೇಕೆಂಬ ಅರಿವು ಅವರಿಗಿತ್ತು. ಉತ್ತರ ಕರ್ನಾಟಕದಲ್ಲಿ ಎಳ್ಳ ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಾವು ಉಣ್ಣುವ ಮೊದಲು ಭೂತಾಯಿಗೆ ಚರಗ ಚೆಲ್ಲುತ್ತಾರೆ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯಂದು, ತೆನೆ ತುಂಬುವ ಹೊತ್ತಿಗೆ, ಬಸುರಿ ಹೆಣ್ಣಿಗೆ ಬಯಕೆ ಉಣಿಸುವಂತೆ ಗದ್ದೆಗೆ ಉಣಿಸುತ್ತಾರೆ. ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಭೂಮಿಗೂ ವಿಶ್ರಾಂತಿ ಬೇಕೆಂಬ ಭಾವನೆ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಕಣದಲ್ಲಿ ರಾಶಿ ಪೂಜೆ ಮಾಡದೆ ಒಂದು ಮೊರ ಕಾಳನ್ನೂ ಅಳೆಯುತ್ತಿರಲಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅವರು ಪೂಜೆಯೊಂದನ್ನೇ ಮಾಡಿ ಸುಮ್ಮನಾಗಲಿಲ್ಲ. ವರ್ಷಕ್ಕೊಂದು ದಿನ ಕೈಮುಗಿದರೆ, ಉಳಿದ ದಿನಗಳಲ್ಲಿ ಕೈಯಾರೆ ದುಡಿದು ಮರಳಿಸುತ್ತಿದ್ದರು. ಮನೆಯ ಕಸ, ಕೊಟ್ಟಿಗೆಯ ಸಗಣಿ, ಒಲೆಯ ಬೂದಿ ಎಲ್ಲವೂ ತಿಪ್ಪೆ ಸೇರುತ್ತಿತ್ತು. ಬೇಸಿಗೆಯಲ್ಲಿ ಕೆರೆಯ ಗೋಡು ಗಾಡಿಗಳಲ್ಲಿ ಹೊಲಕ್ಕೆ ಬರುತ್ತಿತ್ತು. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಗಳ ಅಕ್ಕಡಿ ಸಾಲು ಇರುತ್ತಿತ್ತು. ಪೂಜೆ ಇಂದಿಗೂ ಉಳಿದುಕೊಂಡಿದೆ. ಈ ಮೂರು ಕೆಲಸಗಳು ಮಾತ್ರ ಬಹಳ ಊರುಗಳಲ್ಲಿ ಕಡಿಮೆಯಾಗಿವೆ. ಕೃತಜ್ಞತೆಯಲ್ಲಿ ಸುಲಭವಾದ ಭಾಗವನ್ನು ಇಟ್ಟುಕೊಂಡು ಕಷ್ಟದ ಭಾಗವನ್ನು ಬಿಟ್ಟಿದ್ದೇವೆ ಎಂದರೆ ತಪ್ಪಾಗಲಾರದು.

ನನ್ನ ಮನೆಯಲ್ಲೇ ಆದ ತಪ್ಪು

ಇದನ್ನು ನಾನು ಬೇರೆಯವರಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳುತ್ತಿಲ್ಲ. ಕೋಲಾರ ಕಡೆಯ ಒಂದು ಹಳ್ಳಿಯಲ್ಲಿ ನಮಗೆ ಎರಡೂವರೆ ಎಕರೆ ಕೆಂಪು ಮಣ್ಣಿನ ಖುಷ್ಕಿ ಹೊಲವಿದೆ. ನಾನು ಕೃಷಿ ಪದವಿಗೆ ಓದುತ್ತಿದ್ದಾಗ ಮನೆಯಲ್ಲಿ ಒಂದು ಜೊತೆ ಎತ್ತು, ಒಂದು ಹಸು ಇದ್ದವು. ಮನೆಯ ಪಕ್ಕದಲ್ಲಿ ಆಳೆತ್ತರದ ತಿಪ್ಪೆ. ಅವ್ವ ದಿನವೂ ನಸುಕಿನಲ್ಲಿ ಎದ್ದು ಕೊಟ್ಟಿಗೆ ಬಾಚಿ, ಮಂಕರಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಅಲ್ಲಿಗೆ ಸುರಿಯುತ್ತಿದ್ದಳು. ಪಟ್ಟಣದಲ್ಲಿ ನಾಲ್ಕು ದಿನ ಇದ್ದು ಬಂದ ನನಗೆ ಅದು ಕೊಳಕಾಗಿ, ದಂಡದ ದುಡಿಮೆಯಾಗಿ ಕಂಡಿತು.

ಒಂದು ರಜೆಯಲ್ಲಿ ಅಪ್ಪನಿಗೆ ಲೆಕ್ಕ ಬರೆದು ತೋರಿಸಿದೆ. ಕೊಟ್ಟಿಗೆ ಗೊಬ್ಬರದಲ್ಲಿರುವ ಸಾರಜನಕ ನೂರಕ್ಕೆ ಅರ್ಧ ಭಾಗ, ಯೂರಿಯಾದಲ್ಲಿ ನೂರಕ್ಕೆ 46 ಭಾಗ. ಒಂದು ಚೀಲ ಹೊತ್ತು ತರುವುದನ್ನು ಬಿಟ್ಟು ಹತ್ತಾರು ಗಾಡಿ ಹೊಡೆಯುವುದೇಕೆ? ಎತ್ತು ಮಾರಿ, ಉಳುಮೆಗೆ ಟ್ರಾಕ್ಟರ್ ಬಾಡಿಗೆಗೆ ತರಿಸಿದರೆ ಮೇವಿನ ಖರ್ಚೂ ಉಳಿಯುತ್ತದೆ ಎಂದೆ. ಪುಸ್ತಕದ ಪ್ರಕಾರ ಆ ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ಓದಿದೋನು ನೀನು, ನಿನ್ನ ಮಾತು ತಪ್ಪು ಅನ್ನೋಕಾಗಲ್ಲ. ಆದ್ರೆ ಚೀಲದಲ್ಲಿರೋದು ಪೈರಿಗಾಯ್ತಪ್ಪ, ನೆಲಕ್ಕೇನು ಕೊಡ್ತೀಯ?"

ನನಗೆ ಆಗ ಉತ್ತರ ಹೊಳೆಯಲಿಲ್ಲ. ಉತ್ತರ ಬೇಕೆಂದೂ ಅನ್ನಿಸಲಿಲ್ಲ. ಎತ್ತುಗಳನ್ನು ಮಾರಿದೆವು, ಕೆಲವು ವರ್ಷಗಳ ಬಳಿಕ ಹಸುವನ್ನೂ ಮಾರಿದೆವು. ತಿಪ್ಪೆಯ ಜಾಗ ಬಟ್ಟೆ ಒಣಗಿಹಾಕುವ ಅಂಗಳವಾಯಿತು. ಅವ್ವ ಮಾತ್ರ ಒಲೆಯ ಬೂದಿಯನ್ನು ತಂದು, ಅಭ್ಯಾಸ ಬಲದಿಂದ, ಹಳೆಯ ತಿಪ್ಪೆಯಿದ್ದ ಮೂಲೆಗೇ ಸುರಿದು ಹೋಗುತ್ತಿದ್ದಳು. ಮೊದಲ ಮೂರು ನಾಲ್ಕು ವರ್ಷ ಇಳುವರಿ ಕಡಿಮೆಯಾಗಲಿಲ್ಲ. ಒಂದೆರಡು ವರ್ಷ ಹೆಚ್ಚೇ ಬಂತು. ನನ್ನ ಲೆಕ್ಕ ಸರಿಯೆಂದು ನಾನು ಹಿಗ್ಗಿದೆ. ಹಿಂದಿನವರು ಕೂಡಿಟ್ಟ ಗಂಟಿನಿಂದ ನಾವು ತೆಗೆದು ಖರ್ಚು ಮಾಡುತ್ತಿದ್ದೇವೆಂಬುದು ನನಗೆ ತಿಳಿಯಲಿಲ್ಲ.

ಆಮೇಲೆ ನಿಧಾನವಾಗಿ ಬದಲಾವಣೆಗಳು ಕಾಣಿಸಿದವು. ಮಳೆ ನಿಂತ ಮರುದಿನ ಮೇಲ್ಮಣ್ಣು ಹಪ್ಪಳದಂತೆ ಗಟ್ಟಿಯಾಗತೊಡಗಿತು. ರಾಗಿಯ ಮೊಳಕೆ ಅದನ್ನು ಸೀಳಿಕೊಂಡು ಬರಲಾರದೆ ಅಲ್ಲಲ್ಲಿ ಸಾಲು ತಪ್ಪಿತು. ಎಂಟು ದಿನ ಮಳೆ ತಡೆದರೆ ಪೈರು ಬಾಡುತ್ತಿತ್ತು. ಪಕ್ಕದ ಹೊಲದ ಪೈರು ಹದಿನೈದು ದಿನ ತಡೆಯುತ್ತಿತ್ತು. ಯೂರಿಯಾ ಹೆಚ್ಚಿಸಿದರೂ ಗುಣ ಕಾಣಲಿಲ್ಲ.

ಒಂದು ರಾತ್ರಿಯ ಮಳೆ

ಆ ನಡುವೆ ಒಂದು ವರ್ಷ ಮುಂಗಾರಿನ ಒಂದು ರಾತ್ರಿ ಜೋರು ಮಳೆ ಬಿತ್ತು. ಬೆಳಿಗ್ಗೆ ತಮ್ಮ ದೂರವಾಣಿ ಮಾಡಿ, "ಅಣ್ಣ, ಹೊಲ ನೋಡೋಕೆ ಬಾ" ಎಂದಷ್ಟೇ ಹೇಳಿದ. ಹೋಗಿ ನೋಡಿದರೆ ಬದು ಎರಡು ಕಡೆ ಒಡೆದಿತ್ತು. ಇಳಿಜಾರಿನುದ್ದಕ್ಕೂ ಕೊರಕಲು ಬಿದ್ದಿತ್ತು. ಎಳೆಯ ಅವರೆ ಗಿಡಗಳ ಬುಡದಲ್ಲಿ ಬೇರು ಮೂರು ಮಿಲಿಮೀಟರಿನಷ್ಟು ಹೊರಗೆ ಕಾಣುತ್ತಿತ್ತು. ಅಷ್ಟು ಮಣ್ಣು ರಾತ್ರೋರಾತ್ರಿ ಹೊರಟುಹೋಗಿತ್ತು.

ಮೂರು ಮಿಲಿಮೀಟರ್ ಎಂದರೆ ಎಷ್ಟು? ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ದಪ್ಪದ ಮಣ್ಣು ಐದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಮೂರು ಮಿಲಿಮೀಟರಿಗೆ ಸುಮಾರು 17 ಟನ್. ಅರ್ಧ ಟನ್ನಿನ ಎತ್ತಿನ ಗಾಡಿಯಲ್ಲಿ ಹೇರಿದರೆ ಎಕರೆಗೆ 34 ಗಾಡಿ. ನಮ್ಮ ಎರಡೂವರೆ ಎಕರೆಗೆ 85 ಗಾಡಿ ಮಣ್ಣು. ಯಾರಾದರೂ ಕಳ್ಳರು ಬಂದು ಅಷ್ಟು ಗಾಡಿ ಮಣ್ಣು ಹೇರಿಕೊಂಡು ಹೋಗಿದ್ದರೆ ಊರೇ ಎದ್ದು ನಿಲ್ಲುತ್ತಿತ್ತು. ಮಳೆ ಕೊಂಡುಹೋದುದರಿಂದ ಯಾರೂ ಕೂಗಾಡಲಿಲ್ಲ.

ಹೋದ ಮಣ್ಣಿನೊಡನೆ ಹೋದ ಸಾರಜನಕವನ್ನು ಅಂಗಡಿಯಿಂದ ತಂದು ತುಂಬಬಹುದು. ಆದರೆ ಹರಿಯುವ ನೀರು ಮೊದಲು ಎತ್ತಿಕೊಂಡು ಹೋಗುವುದು ನುಣ್ಣನೆಯ ಜೇಡಿಯನ್ನು ಮತ್ತು ಹಗುರವಾದ ಸಾವಯವ ಪದಾರ್ಥವನ್ನು. ನೀರನ್ನು ಹಿಡಿದಿಡುವುದೂ ಪೋಷಕಾಂಶಗಳನ್ನು ಕಾಪಾಡುವುದೂ ಇವೇ. ಇವು ಯಾವ ಅಂಗಡಿಯಲ್ಲೂ ಚೀಲದಲ್ಲಿ ಸಿಗುವುದಿಲ್ಲ. ಒಂದು ಅಂಗುಲ ಮೇಲ್ಮಣ್ಣು ಬಂಡೆ ಕರಗಿ ರೂಪುಗೊಳ್ಳಲು ನೂರಾರು ವರ್ಷಗಳು ಬೇಕು. ಆ ಲೆಕ್ಕದಲ್ಲಿ ನಾವು ಕಳೆದುಕೊಂಡದ್ದು ಪ್ರಕೃತಿಯ ಹಲವು ದಶಕಗಳ ದುಡಿಮೆಯನ್ನು.

ಮಳೆ ಅಂದು ವೈರಿಯಂತೆ ವರ್ತಿಸಿತೆಂದು ಅನ್ನಿಸಬಹುದು. ನಿಜವಾಗಿ ಮಳೆ ಬಂದದ್ದು ಎಂದಿನ ಕೊಡುಗೆ ಹೊತ್ತುಕೊಂಡೇ. ಒಂದು ಎಕರೆಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 80,000 ಲೀಟರ್ ನೀರು ಬಂದಂತೆ. ಐದು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತರಿಸಿದರೆ 16 ಟ್ಯಾಂಕರ್. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಎಷ್ಟು ತೆರುತ್ತೇವೆಂಬುದು ನಿಮಗೆಲ್ಲ ಗೊತ್ತಿದೆ. ಇಷ್ಟು ನೀರು ಆಕಾಶದಿಂದ ಪುಕ್ಕಟೆ ಬಂದು ಬಾಗಿಲು ತಟ್ಟಿದಾಗ, ಸಡಿಲವಾದ ಮಣ್ಣು ಬಾಗಿಲು ತೆರೆದು ಒಳಗೆ ಕರೆದುಕೊಳ್ಳುತ್ತದೆ. ಹಪ್ಪಳ ಕಟ್ಟಿದ ಮಣ್ಣು ಬಾಗಿಲು ಹಾಕಿಕೊಳ್ಳುತ್ತದೆ. ದಪ್ಪ ಮಳೆಹನಿ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಬರಿಯ ನೆಲಕ್ಕೆ ಬಡಿದು ಮಣ್ಣಿನ ಕಣಗಳನ್ನು ಚದುರಿಸುತ್ತದೆ. ಚದುರಿದ ಕಣಗಳು ರಂಧ್ರಗಳನ್ನು ಮುಚ್ಚುತ್ತವೆ. ಒಳಗೆ ಹೋಗಲಾಗದ ನೀರು ಇಳಿಜಾರು ಹಿಡಿದು ಹರಿಯುತ್ತದೆ. ಹೊಲದ ಮಣ್ಣಿಗೆ ನಾವು ಸಲ್ಲಿಸದ ಬಾಕಿಯೇ ಅಂದು ಕೊರಕಲಾಗಿ ಕಾಣಿಸಿಕೊಂಡಿತು.

ಕಾಣದ ಕೂಲಿಯಾಳುಗಳು

ಮಣ್ಣನ್ನು ಸಡಿಲವಾಗಿ ಇಡುವವರು ಯಾರು? ನೇಗಿಲು ಎನ್ನುತ್ತೇವೆ. ನೇಗಿಲಿಗಿಂತ ಮೊದಲೂ ನೇಗಿಲಿನ ನಂತರವೂ ಈ ಕೆಲಸ ಮಾಡುವ ಜೀವಿಗಳಿವೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ತನ್ನ ಕೊನೆಯ ಪುಸ್ತಕವನ್ನು ಬರೆದದ್ದು ಎರೆಹುಳುಗಳ ಬಗ್ಗೆ. ಅದು ಪ್ರಕಟವಾದದ್ದು 1881ರಲ್ಲಿ. ಆ ದೇಶದ ಹಲವೆಡೆ ಎಕರೆಯೊಂದರಲ್ಲಿ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಒಣಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲಕ್ಕೆ ಬರುತ್ತದೆಂದು ಆತ ಅಳೆದು ಹೇಳಿದ. ನಮ್ಮ ಒಣ ಹೊಲಗಳಲ್ಲಿ ಅಷ್ಟು ಆಗದಿರಬಹುದು. ಆದರೆ ಹುಳು ಕೊರೆದ ದಾರಿಯಲ್ಲಿ ಮಳೆನೀರು ಇಳಿಯುವುದನ್ನು, ಅದೇ ದಾರಿಯಲ್ಲಿ ಬೇರು ಇಳಿಯುವುದನ್ನು ನಮ್ಮಲ್ಲೂ ಕಾಣಬಹುದು. ಎರೆಹುಳು ಕೇಳುವ ಕೂಲಿ ಎರಡೇ: ಕೊಳೆಯುವ ಎಲೆ ಕಸ, ತುಸು ತೇವ.

ಇನ್ನೊಂದು ಉದಾಹರಣೆ. ನಮ್ಮ ತಲೆಯ ಮೇಲಿನ ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ. ಆದರೆ ರಾಗಿಯಾಗಲಿ ಭತ್ತವಾಗಲಿ ಅದನ್ನು ನೇರವಾಗಿ ಬಳಸಿಕೊಳ್ಳಲಾರವು. ಆ ಸಾರಜನಕವನ್ನು ಹಿಡಿದು ಯೂರಿಯಾ ಮಾಡಬೇಕಾದರೆ ಕಾರ್ಖಾನೆಯಲ್ಲಿ ಭಾರಿ ಒತ್ತಡ, ನೂರಾರು ಡಿಗ್ರಿ ಶಾಖ ಬೇಕು. ಅದೇ ಕೆಲಸವನ್ನು ಅವರೆ, ತೊಗರಿ, ಹುರುಳಿಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಸೂಕ್ಷ್ಮಾಣುಜೀವಿಗಳು ಸದ್ದಿಲ್ಲದೆ ಮಾಡುತ್ತವೆ. ಈ ಗುಟ್ಟನ್ನು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ಎಂಬ ವಿಜ್ಞಾನಿಗಳು 1880ರ ದಶಕದಲ್ಲಿ ಸಿದ್ಧಪಡಿಸಿ ತೋರಿಸಿದರು. ಅಕ್ಕಡಿ ಸಾಲು ಹಾಕುತ್ತಿದ್ದ ನಮ್ಮ ಮುತ್ತಾತಂದಿರು ಗುಟ್ಟು ತಿಳಿಯದಿದ್ದರೂ ಅದರ ಫಲ ಪಡೆಯುತ್ತಿದ್ದರು. ಹೂ ಬಿಡುವ ಹೊತ್ತಿಗೆ ಒಂದು ಅವರೆ ಗಿಡವನ್ನು ಸಲಿಕೆಯಿಂದ ಮಣ್ಣು ಸಮೇತ ಎತ್ತಿ, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಆಳುಗಳು ಕೆಲಸದಲ್ಲಿದ್ದಾರೆ ಎಂದರ್ಥ.

ಮಣ್ಣು ಮಾಡಿದ್ದನ್ನು ಮರೆಯುವುದಿಲ್ಲ

ಮಣ್ಣಿಗೆ ಕೊಟ್ಟದ್ದು ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಒಂದು ಸೊಗಸಾದ ನಿದರ್ಶನವಿದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ 1852ರಲ್ಲಿ ಬಾರ್ಲಿ ಬೆಳೆಯ ಪ್ರಯೋಗ ಆರಂಭವಾಯಿತು. ಒಂದು ತಾಕಿಗೆ 1852ರಿಂದ 1871ರವರೆಗೆ, ಇಪ್ಪತ್ತು ವರ್ಷ, ಪ್ರತಿವರ್ಷವೂ ಕೊಟ್ಟಿಗೆ ಗೊಬ್ಬರ ಹಾಕಿದರು. ಅನಂತರ ನಿಲ್ಲಿಸಿಬಿಟ್ಟರು. ನೂರು ವರ್ಷಗಳು ಕಳೆದ ಮೇಲೂ ಆ ತಾಕಿನ ಮಣ್ಣಿನಲ್ಲಿ, ಎಂದೂ ಗೊಬ್ಬರ ಕಾಣದ ತಾಕಿಗಿಂತ ಹೆಚ್ಚು ಸಾವಯವ ಪದಾರ್ಥ ಉಳಿದಿತ್ತು. ಹಾಕಿದವರು, ಅವರ ಮಕ್ಕಳು, ಮೊಮ್ಮಕ್ಕಳೂ ಕಾಲವಾಗಿದ್ದರು. ಮಣ್ಣು ಮಾತ್ರ ನೆನಪಿಟ್ಟುಕೊಂಡಿತ್ತು.

ಅದು ತಣ್ಣನೆಯ ದೇಶ. ನಮ್ಮ ಬಿಸಿಲಿನಲ್ಲಿ ಸಾವಯವ ಪದಾರ್ಥ ಬೇಗ ಉರಿದುಹೋಗುತ್ತದೆ. ಆದುದರಿಂದ ನಾವು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಮತ್ತೆ ಮತ್ತೆ ಕೊಡುತ್ತಿರಬೇಕು. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಖುಷ್ಕಿ ರಾಗಿಯ ಮೇಲೆ ದಶಕಗಳ ಕಾಲ ನಡೆಸಿದ ಪ್ರಯೋಗಗಳು ಇದನ್ನೇ ಹೇಳುತ್ತವೆ. ಬರಿಯ ರಾಸಾಯನಿಕ ಗೊಬ್ಬರಕ್ಕಿಂತ, ಕೊಟ್ಟಿಗೆ ಗೊಬ್ಬರದೊಡನೆ ಶಿಫಾರಸು ಮಾಡಿದ ರಾಸಾಯನಿಕ ಗೊಬ್ಬರವನ್ನು ಸೇರಿಸಿ ಕೊಟ್ಟ ತಾಕುಗಳಲ್ಲಿ ಇಳುವರಿ ಹೆಚ್ಚಾಗಿಯೂ ವರ್ಷದಿಂದ ವರ್ಷಕ್ಕೆ ಸ್ಥಿರವಾಗಿಯೂ ಇತ್ತು. ನಾನು ರಾಸಾಯನಿಕ ಗೊಬ್ಬರದ ವಿರೋಧಿಯಲ್ಲ. ಚೀಲದ ಗೊಬ್ಬರ ಪೈರಿಗೆ, ತಿಪ್ಪೆಯ ಗೊಬ್ಬರ ನೆಲಕ್ಕೆ. ಅಪ್ಪ ಕೇಳಿದ್ದೂ ಇದನ್ನೇ.

ಋಣ ತೀರಿಸುವ ದಾರಿಗಳು

ನೇಗಿಲ ಸಾಲಿನ ಆಳದವರೆಗೆ, ಅಂದರೆ 15 ಸೆಂಟಿಮೀಟರಿನವರೆಗೆ, ಒಂದು ಎಕರೆಯ ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಸಾವಯವ ಇಂಗಾಲ ನೂರಕ್ಕೆ ಅರ್ಧ ಭಾಗ ಇದ್ದರೆ, ಒಟ್ಟು ಸಾವಯವ ಪದಾರ್ಥ 8 ಟನ್ನಿನಷ್ಟಾಯಿತು. ನಮ್ಮ ಬೇಸಾಯ ನಿಂತಿರುವುದು ಈ 8 ಟನ್ನಿನ ಬಂಡವಾಳದ ಮೇಲೆ. ಅದನ್ನು ಕಾಪಾಡಲು ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ತಿಪ್ಪೆಯನ್ನು ಗುಂಡಿಯಲ್ಲಿ ಮಾಡಿ. ಬಯಲಿನಲ್ಲಿ ಗುಡ್ಡೆ ಹಾಕಿದ ತಿಪ್ಪೆಯ ಸಾರ ಬಿಸಿಲಿಗೆ ಆವಿಯಾಗಿ, ಮಳೆಗೆ ತೊಳೆದು ಹೋಗುತ್ತದೆ. 6ರಿಂದ 7 ಮೀಟರ್ ಉದ್ದ, ಒಂದೂವರೆಯಿಂದ 2 ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿ ತೆಗೆಯಿರಿ. ಒಂದು ಕೊನೆಯಿಂದ ಒಂದೊಂದು ಮೀಟರಿನಷ್ಟು ಭಾಗವನ್ನು ತುಂಬುತ್ತ ಬನ್ನಿ. ನೆಲಮಟ್ಟಕ್ಕಿಂತ ಒಂದೂವರೆ ಅಡಿ ಮೇಲಕ್ಕೆ ಬಂದಾಗ ಸಗಣಿ ಬೆರೆಸಿದ ಮಣ್ಣಿನಿಂದ ಮೆತ್ತಿ ಮುಚ್ಚಿ. ನಾಲ್ಕೈದು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಮುಚ್ಚಿ ಕಾಂಪೋಸ್ಟ್ ಮಾಡುವ ವಿಧಾನವನ್ನು 1939ರಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ರೂಪಿಸಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಅದಕ್ಕೆ ಬೆಂಗಳೂರು ವಿಧಾನವೆಂದೇ ಹೆಸರು.

2. ಗಂಜಲವನ್ನು ಚರಂಡಿಗೆ ಬಿಡಬೇಡಿ. ದನ ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಭಾಗವೂ ಪೊಟ್ಯಾಷಿನ ಹೆಚ್ಚಿನ ಭಾಗವೂ ಗಂಜಲದಲ್ಲಿಯೇ ಇರುತ್ತದೆ. ಕೊಟ್ಟಿಗೆಯ ನೆಲಕ್ಕೆ ತರಗೆಲೆ, ದನ ತಿಂದು ಬಿಟ್ಟ ಹುಲ್ಲು ಅಥವಾ ಒಣಮಣ್ಣು ಹರಡಿ. ನೆನೆದುದನ್ನು ಬೆಳಿಗ್ಗೆ ಬಾಚಿ ಗುಂಡಿಗೆ ಹಾಕಿ.

3. ಖುಷ್ಕಿ ರಾಗಿಗೆ ಎಕರೆಗೆ 3 ಟನ್ ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ. ಅದರಲ್ಲಿ 15 ಕಿಲೋ ಸಾರಜನಕ, 6 ಕಿಲೋ ರಂಜಕ, 15 ಕಿಲೋ ಪೊಟ್ಯಾಷ್ ಇರುತ್ತವೆ. ಸಾರಜನಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಮೊದಲ ವರ್ಷ ಪೈರಿಗೆ ಒದಗುತ್ತದೆ. ಉಳಿದದ್ದು ಮುಂದಿನ ವರ್ಷಗಳಿಗೆ. ಹೊಲಕ್ಕೆ ಸಾಗಿಸಿದ ಗೊಬ್ಬರವನ್ನು ಸಣ್ಣ ಗುಡ್ಡೆಗಳಾಗಿ ವಾರಗಟ್ಟಲೆ ಒಣಗಲು ಬಿಡದೆ, ಹರಡಿದ ಕೂಡಲೇ ಮಣ್ಣಿಗೆ ಸೇರಿಸಿ.

4. ದನವಿಲ್ಲದವರು ಹಸಿರೆಲೆ ಗೊಬ್ಬರವನ್ನು ಅವಲಂಬಿಸಬಹುದು. ಬದುಗಳ ಮೇಲೆ ಹೊಂಗೆ, ಗ್ಲಿರಿಸಿಡಿಯ ಬೆಳೆಸಿ, ಸೊಪ್ಪು ಸವರಿ ಹೊಲಕ್ಕೆ ಹಾಕಿ. ಮುಂಗಾರು ಪೂರ್ವದ ಮಳೆಗೆ ಸೆಣಬು ಅಥವಾ ಅಲಸಂದೆ ಚೆಲ್ಲಿ, ಹೂ ಬಿಡುವ ಮುನ್ನ ಉತ್ತು ಸೇರಿಸಿ. ರಾಗಿಯ ಕೂಳೆಯನ್ನು ಸುಡಬೇಡಿ.

5. ಅಕ್ಕಡಿ ಸಾಲನ್ನು ಮರಳಿ ತನ್ನಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಥವಾ ಒಂದು ಸಾಲು ಅವರೆ ಹೊಂದುತ್ತದೆ. ಮಳೆ ಕೈಕೊಟ್ಟ ವರ್ಷ ರಾಗಿ ಸೋತರೂ ತೊಗರಿ ಕೈಹಿಡಿಯಬಹುದು.

6. ಇಳಿಜಾರಿಗೆ ಅಡ್ಡಲಾಗಿ ಉಳಿ, ಅಡ್ಡಲಾಗಿಯೇ ಬಿತ್ತಿ. ಪ್ರತಿ ಸಾಲೂ ಒಂದು ಪುಟ್ಟ ಬದುವಾಗಿ ನೀರನ್ನು ತಡೆಯುತ್ತದೆ. ಒಡೆದ ಬದುಗಳನ್ನು ಮುಂಗಾರಿಗೆ ಮೊದಲೇ ಸರಿಪಡಿಸಿ.

7. ಕೆರೆಯ ಗೋಡನ್ನು ಹೊಲಕ್ಕೆ ತನ್ನಿ. ಅದು ನಮ್ಮ ಹೊಲಗಳಿಂದಲೇ ಹೋದ ಮಣ್ಣು. ಗ್ರಾಮ ಪಂಚಾಯಿತಿಯ ಅನುಮತಿ ಪಡೆದು, ಮೊದಲು ಗೋಡಿನ ಮಾದರಿಯನ್ನು ಪರೀಕ್ಷೆ ಮಾಡಿಸಿ. ಚೌಳಿನ ಅಂಶ ಇಲ್ಲವೆಂದು ಖಚಿತವಾದ ಮೇಲೆ ಬಳಸಿ. ಕಾರ್ಖಾನೆಯ ಅಥವಾ ಪಟ್ಟಣದ ಕೊಳಚೆ ಸೇರುವ ಕೆರೆಯ ಗೋಡು ಬೇಡ.

8. ಮಣ್ಣು ಪರೀಕ್ಷೆ ಮಾಡಿಸಿ. ಬೆಳೆ ಕೊಯ್ದ ಮೇಲೆ ಹೊಲದ ಹತ್ತು ಹನ್ನೆರಡು ಕಡೆ 15 ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಮಾದರಿ ಕಳುಹಿಸಿ. ಬದು, ಮರದ ನೆರಳು, ಗೊಬ್ಬರ ಗುಡ್ಡೆ ಹಾಕಿದ ಜಾಗಗಳನ್ನು ಬಿಡಿ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಹಲವರ ಮನೆಯಲ್ಲಿರಬಹುದು. ಅದರಲ್ಲಿ ಮೊದಲು ಸಾವಯವ ಇಂಗಾಲದ ಅಂಕಿಯನ್ನು ನೋಡಿ. 0.50ಕ್ಕಿಂತ ಕೆಳಗಿದ್ದರೆ ಕಡಿಮೆ, 0.50ರಿಂದ 0.75 ಮಧ್ಯಮ, ಅದಕ್ಕಿಂತ ಮೇಲಿದ್ದರೆ ಹೆಚ್ಚು.

ಒಂದು ಲೋಟ ನೀರಿನ ಪರೀಕ್ಷೆ

ನಮ್ಮ ಹೊಲದ ಮಣ್ಣನ್ನು ಅಂದು ಪರೀಕ್ಷಿಸಿದಾಗ ಸಾವಯವ ಇಂಗಾಲ "ಕಡಿಮೆ" ಎಂದು ಬಂತು. ಎಷ್ಟೋ ಊರುಗಳಲ್ಲಿ ಮಣ್ಣಿನ ಆರೋಗ್ಯದ ಬಗೆಗೆ ಭಾಷಣ ಮಾಡಿ ಬಂದ ನನಗೆ ಆ ಒಂದು ಪದ ಓದಿ ತಲೆಯೆತ್ತಲಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ತಮ್ಮ ಕೆರೆಯ ಗೋಡು ಹೊಡೆಸಿದ. ಎರಡು ಹಸು ತಂದು ಕಟ್ಟಿದ. ಬಟ್ಟೆ ಒಣಗಿಹಾಕುತ್ತಿದ್ದ ಅಂಗಳದಲ್ಲಿಯೇ, ಅವ್ವ ಬೂದಿ ಸುರಿಯುತ್ತಿದ್ದ ಮೂಲೆಯಿಂದ ಹಿಡಿದು, ಗೊಬ್ಬರದ ಗುಂಡಿ ತೆಗೆದೆವು. "ಮಧ್ಯಮ" ಎಂಬ ಪದ ಚೀಟಿಯಲ್ಲಿ ಕಾಣಿಸಲು ಏಳು ವರ್ಷ ಬೇಕಾಯಿತು. ಅಪ್ಪ ಅದನ್ನು ನೋಡಲು ಉಳಿದಿರಲಿಲ್ಲ. ಅವನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿತು, ಹೇಳಿಕೊಳ್ಳಲು ಅವನಿರಲಿಲ್ಲ. ನೀವು ನನ್ನಷ್ಟು ತಡಮಾಡಬೇಡಿ ಎಂಬುದಕ್ಕಾಗಿಯೇ ಇಷ್ಟು ಬರೆದೆ.

ಕೊನೆಯದಾಗಿ ಒಂದು ಕೆಲಸ. ನಾಳೆ ಹೊಲಕ್ಕೆ ಹೋದಾಗ ನೆಲ್ಲಿಕಾಯಿ ಗಾತ್ರದ ಎರಡು ಮಣ್ಣಿನ ಹೆಂಟೆಗಳನ್ನು ತನ್ನಿ. ಒಂದನ್ನು ಬೆಳೆ ಬೆಳೆಯುವ ಜಾಗದಿಂದ, ಇನ್ನೊಂದನ್ನು ಎಂದೂ ಉಳದ ಬದುವಿನ ಹುಲ್ಲಿನ ಬುಡದಿಂದ ತನ್ನಿ. ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಮೆಲ್ಲಗೆ ಒಂದೊಂದನ್ನು ಇಳಿಬಿಡಿ. ಸಾವಯವ ಪದಾರ್ಥ ಚೆನ್ನಾಗಿರುವ ಹೆಂಟೆ ಬಹಳ ಹೊತ್ತು ಇಡಿಯಾಗಿ ನಿಲ್ಲುತ್ತದೆ, ನೀರೂ ತಿಳಿಯಾಗಿರುತ್ತದೆ. ಬಡವಾದ ಮಣ್ಣಿನ ಹೆಂಟೆ ಕೆಲವೇ ನಿಮಿಷಗಳಲ್ಲಿ ಕುಸಿದು, ನೀರೆಲ್ಲ ಬಗ್ಗಡವಾಗುತ್ತದೆ. ಜೋರು ಮಳೆಯ ರಾತ್ರಿ ನಿಮ್ಮ ಹೊಲದಲ್ಲಿ ಏನಾಗುತ್ತದೆಂಬುದನ್ನು ಆ ಲೋಟವೇ ತೋರಿಸಿಕೊಡುತ್ತದೆ. ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನೋಡಿದ ಮೇಲೆ ನೀರನ್ನು ಚೆಲ್ಲುವಾಗ ಚರಂಡಿಗೆ ಚೆಲ್ಲಬೇಡಿ. ಮಣ್ಣು ಸಮೇತ ಹಿತ್ತಲಿನ ಗಿಡದ ಬುಡಕ್ಕೆ ಹಾಕಿ.